ಮಾವನಿಗೆ ಮಡಿಲು ತುಂಬಿದ ವರ್ಷ

ಪ್ರತಿ ಶನಿವಾರ ಸಂಜೆ ನಮ್ಮ ಊಟದ ಮೇಜಿನ ಮೇಲೆ ಅನ್ನಕ್ಕಿಂತ ಮುಂಚೆ ಹನ್ನೊಂದು ಜನ ಬಂದು ಕೂರುತ್ತಿದ್ದರು. ಗಾಬರಿಯಾಗಬೇಡಿ, ರಟ್ಟಿನ ಜನ. ಅಪ್ಪ ಇಂಡಸ್ಟ್ರಿಯಲ್ ಏರಿಯಾದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದರು. ಅಲ್ಲಿ ಉಳಿದ ತುಂಡುಗಳನ್ನು ತಂದು, ಇಸ್ಪೀಟು ಎಲೆಯಷ್ಟು ಅಗಲಕ್ಕೆ ಕತ್ತರಿಸಿ, ಒಂದೊಂದರ ಮೇಲೂ ಕನ್ನಡ ಸಂಘದ ಕ್ರಿಕೆಟ್ ಟೀಮಿನ ಒಬ್ಬೊಬ್ಬರ ಹೆಸರು ಬರೆದಿಟ್ಟಿದ್ದರು. ನೈರೋಬಿಯ ಭಾರತೀಯ ಸಂಘಗಳೆಲ್ಲ ಸೇರಿ ಭಾನುವಾರಗಳಂದು ಆಡುವ ಲೀಗಿನಲ್ಲಿ ನಮ್ಮದೂ ಒಂದು ಟೀಮು. ಅದಕ್ಕೆ ಅಪ್ಪನೇ ಕ್ಯಾಪ್ಟನ್, ಅಪ್ಪನೇ ವಿಕೆಟ್ ಕೀಪರ್. ಆದರೆ ಟೀಮು ಆರಿಸುವುದು ಅಪ್ಪನೊಬ್ಬರ ಕೆಲಸ ಎಂದು ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಅಮ್ಮ ಸಾರಿನ ಸೌಟು ಹಿಡಿದೇ ಬಂದು ನಾಲ್ಕನೇ ರಟ್ಟನ್ನು ಆರನೆಯದರ ಜಾಗಕ್ಕೆ ತಳ್ಳಿ ಒಳಗೆ ಹೋಗುತ್ತಿದ್ದಳು. ಕೆಳಗಿನ ಮನೆಯ ಪದ್ಮಾ ಆಂಟಿ ಕರಿಬೇವು ಕೇಳುವ ನೆಪದಲ್ಲಿ ಮೇಲೆ ಬಂದು, ಕರಿಬೇವು ಮರೆತು, ಬೌಲಿಂಗ್ ಬಗ್ಗೆ ಅರ್ಧ ಗಂಟೆ ಬೈದು ಹೋಗುತ್ತಿದ್ದರು. ಅವರ ಗಂಡ ಟೀಮಿನ ಓಪನರ್. ಆತನನ್ನೇ ಕೈಬಿಡಬೇಕೆಂದು ಅವರು ಎರಡು ಸಲ ಒತ್ತಾಯ ಮಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ!

ನಮ್ಮ ಮನೆ ಪಂಗಾನಿಯಲ್ಲಿ, ಮೂರನೇ ಮಹಡಿ. ಕೆಳಗೆ ಮಟಾಟುಗಳು, ಅಂದರೆ ಇಲ್ಲಿನ ಬಾಡಿಗೆ ವ್ಯಾನುಗಳು, ನಿಲ್ಲುವ ಜಾಗ. ಒಂದೊಂದು ಮಟಾಟು ಬಂದು ನಿಂತಾಗಲೂ ಅದರ ಹಾಡಿಗೆ ನಮ್ಮ ಸ್ಟೀಲ್ ಲೋಟಗಳು ಮೇಜಿನ ಮೇಲೆ ಕುಣಿಯುತ್ತಿದ್ದವು, ಜೊತೆಗೆ ಹನ್ನೊಂದು ಜನರೂ ಜರುಗುತ್ತಿದ್ದರು. ಎರಡು ಕೋಣೆ, ಒಂದು ಹಾಲ್, ಗಾಜು ಹಾಕಿ ಮುಚ್ಚಿದ ಒಂದು ಬಾಲ್ಕನಿ. ಆ ಬಾಲ್ಕನಿಯೇ ಶೀನಿ ಮಾವನ ಕೋಣೆ. ಅಮ್ಮನ ಒಬ್ಬನೇ ತಮ್ಮ, ಮೈಸೂರಿನಿಂದ ಬಂದು ಅಪ್ಪನ ಕಾರ್ಖಾನೆಯ ಹತ್ತಿರವೇ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಬಟ್ಟೆ ಒಣಗಿಸುವ ತಂತಿಗೆ ಕಾಲುಚೀಲದಲ್ಲಿ ಚೆಂಡು ಕಟ್ಟಿ ತೂಗುಬಿಟ್ಟು, ದಿನಾ ಸಂಜೆ ಟಕ್ ಟಕ್ ಎಂದು ಬಾರಿಸುತ್ತಿದ್ದ. ಪಕ್ಕದಲ್ಲಿ ಅವನ ಹಾಸಿಗೆಯ ಮೇಲೆ ನಾನು. ನನಗಿನ್ನೂ ಹತ್ತು ತುಂಬಿರಲಿಲ್ಲ. ಸ್ಕೋರ್ ಪುಸ್ತಕ ಬರೆಯುವುದನ್ನು ಮಾವ ನನಗೆ ಕಲಿಸಿದ್ದು ಅಲ್ಲೇ. ಚುಕ್ಕಿ ಎಂದರೆ ರನ್ನಿಲ್ಲದ ಚೆಂಡು, ವಿಕೆಟ್ ಬಿದ್ದಾಗ ಟೀಮಿನ ಮೊತ್ತ ಎಷ್ಟಿತ್ತು ಎಂದು ಕೆಳಗೆ ಬರೆಯಬೇಕು, ತಿದ್ದಕೂಡದು, ಅಳಿಸಕೂಡದು. ನಾಲ್ಕು ಬಣ್ಣದ ಪೆನ್ನು ಕೊಡಿಸಿದವನೂ ಅವನೇ. ಆ ವರ್ಷ ನಾನು ಟೀಮಿನ ಅಧಿಕೃತ ಸ್ಕೋರರ್ ಆದೆ. ಅಯ್ಯೋ, ನನ್ನ ಜಂಬ! ಶಾಲೆಗೂ ಆ ಪುಸ್ತಕ ಬ್ಯಾಗಿನಲ್ಲಿ ಬರುತ್ತಿತ್ತು.

ಆ ಸಲ ನಮ್ಮ ಟೀಮು ಸಾಲಾಗಿ ಮೂರು ಆಟ ಸೋತಿತು. ವೇಗವಾಗಿ ಬೌಲ್ ಮಾಡುವವರು ಒಬ್ಬರೂ ಇರಲಿಲ್ಲ. ಎರಡು ವರ್ಷದ ಪೋಸ್ಟಿಂಗ್ ಮೇಲೆ ಬಂದಿದ್ದ ಒಬ್ಬ ಬ್ಯಾಂಕಿನವನಿದ್ದ, ಅವನೂ ವಾಪಸು ಬೆಂಗಳೂರಿಗೆ ಹೋಗಿಬಿಟ್ಟಿದ್ದ. ಲೀಗಿನಲ್ಲಿ ಒಂದು ನಿಯಮವಿತ್ತು: ಸೀಸನ್ನಿನ ಮಧ್ಯೆ ಒಂದೇ ಒಂದು ಸಲ, ಇಬ್ಬರು ಕ್ಯಾಪ್ಟನ್ನರೂ ಒಪ್ಪಿದರೆ, ಒಬ್ಬ ಆಟಗಾರನನ್ನು ಕೊಟ್ಟು ಇನ್ನೊಬ್ಬನನ್ನು ತೆಗೆದುಕೊಳ್ಳಬಹುದು. ಮಂಗಳೂರು ಕಥೋಲಿಕರ ಟೀಮಿನಲ್ಲಿ ಲ್ಯಾನ್ಸಿ ಎಂಬ ಬೌಲರ್ ಇದ್ದ. ಅವನ ಚೆಂಡು ಬರುವುದು ಕಾಣುತ್ತಿರಲಿಲ್ಲ, ಸ್ಟಂಪು ಹಾರಿದ್ದು ಮಾತ್ರ ಕಾಣುತ್ತಿತ್ತು. ಅಪ್ಪನ ಕಣ್ಣು ಅವನ ಮೇಲೆ ಬಿತ್ತು. ಮಂಗಳೂರಿನವರಿಗೆ ಬೇಕಾಗಿದ್ದು ಮಧ್ಯದಲ್ಲಿ ಗಟ್ಟಿಯಾಗಿ ನಿಲ್ಲುವ ಒಬ್ಬ ಬ್ಯಾಟ್ಸ್‌ಮನ್. ಆ ಶನಿವಾರ ಅಮ್ಮ ಉಗಾಲಿ ಮಾಡುವ ಮೆಕ್ಕೆಜೋಳದ ಹಿಟ್ಟಿನಲ್ಲೇ ಮುದ್ದೆ ಕಟ್ಟಿ, ಸುಕುಮಾ ಸೊಪ್ಪಿನ ಸಾರು ಮಾಡಿದ್ದಳು. ಶೀನಿ ಮಾವ ಎರಡನೇ ಮುದ್ದೆ ಮುರಿಯುತ್ತಿದ್ದ.

"ಪುಟ್ಟಿ, ಪುಸ್ತಕ ತಾ," ಎಂದರು ಅಪ್ಪ. "ಆರನೇ ನಂಬರಲ್ಲಿ ಆಡಿದೋರದ್ದು ಓದು."

ಆರನೇ ನಂಬರು ಎಂದರೆ ಶೀನಿ ಮಾವ. ನನಗೆ ಅದು ತಿಳಿದಿತ್ತು. ತಿಳಿದೂ ಎದ್ದು ನಿಂತು, ಶಾಲೆಯ ಅಸೆಂಬ್ಲಿಯಲ್ಲಿ ಓದುವಂತೆ ಗಂಟಲು ಸರಿಮಾಡಿಕೊಂಡು ಓದಿದೆ.

"ಇಲೆವೆನ್. ಏಟ್. ಫೋರ್. ಥರ್ಟೀನ್."

"ನಾಲ್ಕು ಆಟಕ್ಕೆ ಮೂವತ್ತಾರು," ಎಂದರು ಅಪ್ಪ, ರಟ್ಟನ್ನು ಬೆರಳಲ್ಲಿ ತಿರುಗಿಸುತ್ತಾ. "ಶೀನಿ, ನೀನೇ ಹೇಳಪ್ಪ. ಕ್ಯಾಪ್ಟನ್ ಆಗಿದ್ರೆ ನೀನೇನ್ ಮಾಡ್ತಿದ್ದೆ?"

ಮಾವ ನನ್ನನ್ನು ನೋಡಿದ. ಬೇಜಾರಿನಿಂದಲ್ಲ, ಮೆಚ್ಚಿಕೊಂಡೇ ನೋಡಿದ. ತಾನು ಕಲಿಸಿದ್ದನ್ನು ಹುಡುಗಿ ತಪ್ಪಿಲ್ಲದೆ ಓದಿದಳಲ್ಲ ಎಂದು.

"ಪುಸ್ತಕ ಸುಳ್ಳು ಹೇಳತ್ತಾ ಭಾವ?" ಎಂದ ಮಾವ. "ಕೊಡಿ. ಲ್ಯಾನ್ಸಿ ಬಂದ್ರೆ ಕಪ್ ನಮ್ದೇ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಧಡಾರ್ ಎಂದು ಬಿತ್ತು. ಬಿದ್ದಿರಲಿಲ್ಲ, ಅಮ್ಮ ಕುಕ್ಕಿದ್ದಳು.

"ರೀ, ಮನೆ ಹುಡುಗನ್ನ ಕೊಟ್ಟು ಬೌಲರ್ ತರ್ತೀರಾ? ನಾಳೆ ಒಳ್ಳೆ ಫೀಲ್ಡರ್ ಸಿಕ್ಕಿದ್ರೆ ನನ್ನೂ ಕೊಡ್ತೀರೇನೋ!"

"ನೀನು ಕ್ಯಾಚ್ ಹಿಡಿಯಲ್ವಲ್ಲೇ, ಯಾರು ತಗೋತಾರೆ?" ಎಂದುಬಿಟ್ಟರು ಅಪ್ಪ. ತಮಾಷೆಗೆ ಅಂದದ್ದು. ಮುಗಿಯಿತು ಕಥೆ!

ಮುಂದಿನ ವಾರ ಮನೆಯ ಫೋನು ತಣ್ಣಗಾಗಲೇ ಇಲ್ಲ. ಸಂಘದ ಅರ್ಧ ಜನ ಅಪ್ಪನಿಗೆ ಭೇಷ್ ಅಂದರೆ ಇನ್ನರ್ಧ ಜನ ತಲೆ ಕೆಟ್ಟಿದೆಯೇನ್ರೀ ಎಂದು ಕೇಳಿದರು. ಅಪ್ಪನಿಗೆ ಭೇಷ್ ಅಂದವರೇ ಅಮ್ಮನಿಗೆ ಫೋನ್ ಮಾಡಿ ಛೆ ಛೆ ಅಂದರು. ಪದ್ಮಾ ಆಂಟಿ ಮೆಟ್ಟಿಲ ಮೇಲೇ ನಿಂತು ತೀರ್ಪು ಕೊಟ್ಟರು. ಕೊಡುವುದಾದರೆ ನಮ್ಮೆಜಮಾನರನ್ನ ಕೊಡಬೇಕಿತ್ತು, ಆ ಹುಡುಗನನ್ನ ಯಾಕೆ ಕೊಟ್ಟರು, ಎಂದು. ನಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಗ್ರೇಸ್, ಅಮ್ಮನಿಗಿಂತ ಹಿರಿಯಳು, ಕ್ರಿಕೆಟ್ಟಿನ ತಲೆಬುಡ ಗೊತ್ತಿಲ್ಲದವಳು, ಬಟ್ಟೆ ಮಡಿಸುತ್ತಾ ಮಾವನ ಬಿಳಿ ಪ್ಯಾಂಟನ್ನು ಎತ್ತಿ ಹಿಡಿದು "ಪೋಲೆ ಸಾನಾ, ಶೀನಿ," ಎಂದು ಸಂತಾಪ ಸೂಚಿಸಿದಳು. ಮಾವ ಮಾತ್ರ ನಗುನಗುತ್ತಲೇ ಇದ್ದ. ಅಪ್ಪ ಹಟ ಬಿಡಲಿಲ್ಲ. ಗುರುವಾರದ ಹೊತ್ತಿಗೆ ಎರಡೂ ಕಡೆಯ ಸಹಿ ಆಗಿತ್ತು.

ಭಾನುವಾರ ಬೆಳಿಗ್ಗೆ ಮಂಗಳೂರಿನವರ ಕ್ಯಾಪ್ಟನ್ ವಿಕ್ಟರ್ ಅಂಕಲ್ ಹೊಸ ಆಟಗಾರನನ್ನು ಕರೆದೊಯ್ಯಲು ತಾವೇ ಕಾರು ತಂದರು. ಬಾಗಿಲು ತೆಗೆದರೆ ಒಳಗೆ ಏನಿದೆ! ಹಾಲ್‌ನ ನಡುವೆ ಮಣೆ ಹಾಕಿದೆ, ಮುಂದೆ ರಂಗೋಲಿ ಎಳೆದಿದೆ. ಮಣೆಯ ಮೇಲೆ ಬಿಳಿ ಪ್ಯಾಂಟು, ಬಿಳಿ ಶರ್ಟು, ತಲೆಗೆ ಟೋಪಿ ಹಾಕಿಕೊಂಡು ಶೀನಿ ಮಾವ ತಲೆ ತಗ್ಗಿಸಿ ಕೂತಿದ್ದಾನೆ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಾಳೆ. ಮದುವೆಯಾದ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುತ್ತಾರಲ್ಲ, ಅದೇ ಶಾಸ್ತ್ರ, ಒಂದೂ ಬಿಡದಂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ. ಮಾವನಿಗೆ ಸೆರಗೆಲ್ಲಿಂದ ಬರಬೇಕು? ತೊಡೆಯ ಮೇಲೆ ಹೊಸ ಟವೆಲ್ ಹರಡಿಕೊಂಡಿದ್ದ. ಅಮ್ಮ ಬೊಗಸೆಯಲ್ಲಿ ಅಕ್ಕಿ ತುಂಬಿ ಮೂರು ಸಲ ಹಾಕಿ, ಟವೆಲನ್ನು ಗಂಟು ಕಟ್ಟಿ, ಅವನ ಕಿಟ್ ಬ್ಯಾಗಿನಲ್ಲಿ ಪ್ಯಾಡುಗಳ ಕೆಳಗೆ ಇಟ್ಟಳು. ಪದ್ಮಾ ಆಂಟಿ ಆರತಿ ಎತ್ತಿದರು. ಅಪ್ಪ ಪೇಪರ್ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಪೇಪರು ನಡುಗುತ್ತಿತ್ತು.

"ಎಂತ ಮಾರಾಯ್ರೆ ಇದು?" ಎಂದರು ವಿಕ್ಟರ್ ಅಂಕಲ್, ಚಪ್ಪಲಿ ಬಿಡುವುದೋ ಬೇಡವೋ ತಿಳಿಯದೆ.

"ಹುಡುಗನ್ನ ಒಪ್ಪಿಸಿಕೊಡ್ತಾ ಇದೀವಿ," ಎಂದಳು ಅಮ್ಮ. "ಮುದ್ದಾಗಿ ಬೆಳೆಸಿದ್ದೀವಿ. ಕೆಲಸ ಕಾರ್ಯ ಅಷ್ಟು ಬರಲ್ಲ. ಏನಾದ್ರೂ ತಪ್ಪು ಮಾಡಿದ್ರೆ ಹೊಟ್ಟೇಲಿ ಹಾಕ್ಕೊಳ್ಳಿ."

"ಆಯ್ತು ಅಕ್ಕ, ನಾವು ಚಂದ ನೋಡಿಕೊಳ್ತೇವೆ," ಎಂದರು ವಿಕ್ಟರ್ ಅಂಕಲ್, ಪಾಪ, ತುಂಬ ಗಂಭೀರವಾಗಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೇಪರ್ ಹಿಂದಿನಿಂದ ಅಪ್ಪನ ನಗುವೂ ಕೇಳಿಸಿತು. ಆದರೆ ಕಾರು ಮಟಾಟುಗಳ ಸಂದಿಯಲ್ಲಿ ತಿರುಗಿ ಮರೆಯಾದಾಗ ನಾನು ಅಮ್ಮನನ್ನು ನೋಡಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದು ತಮಾಷೆಯ ಕಣ್ಣೀರಲ್ಲ.

ಹತ್ತು ದಿನ ಕಳೆಯುವಷ್ಟರಲ್ಲಿ ಮಾವ ಮನೆಯನ್ನೂ ಬಿಟ್ಟ. ಗೋದಾಮಿನವರು ಇಂಡಸ್ಟ್ರಿಯಲ್ ಏರಿಯಾದಲ್ಲೇ ಒಂದು ರೂಮು ಕೊಡುತ್ತಾರಂತೆ, ದಿನಾ ಎರಡು ಗಂಟೆ ಟ್ರಾಫಿಕ್ ಜಾಮಿನಲ್ಲಿ ಕೂರುವುದು ತಪ್ಪುತ್ತದಂತೆ. ನೈರೋಬಿಯಲ್ಲಿ ಜಾಮ್ ಎಂದುಬಿಟ್ಟರೆ ಯಾರೂ ಮರುಮಾತಾಡುವ ಹಾಗಿಲ್ಲ. ನಿಜ ಎಲ್ಲರಿಗೂ ಗೊತ್ತಿತ್ತು. ಶನಿವಾರದ ಮೇಜಿನಲ್ಲಿ ತನ್ನ ರಟ್ಟಿಲ್ಲದೆ, ಎದುರಾಳಿಯಾಗಿ ಕೂರಲು ಅವನಿಗೆ ಆಗುತ್ತಿರಲಿಲ್ಲ. ಅಪ್ಪನ ಎದುರು ಬೇಜಾರು ತೋರಿಸಲೂ ಆಗುತ್ತಿರಲಿಲ್ಲ. ಅಪ್ಪ ಅಮ್ಮ ಮಾತು ಬಿಟ್ಟರು. "ಪುಟ್ಟಿ, ನಿಮ್ಮಪ್ಪನಿಗೆ ಕಾಫಿ ಬೇಕಾ ಕೇಳು," "ಪುಟ್ಟಿ, ನಿಮ್ಮಮ್ಮನಿಗೆ ಬೇಕು ಅಂತ ಹೇಳು." ಇಬ್ಬರ ನಡುವೆ ಓಡಾಡಿ ನನ್ನ ಕಾಲು ಬಿದ್ದುಹೋಯಿತು. ಅತ್ತ ಲ್ಯಾನ್ಸಿ ಮೊದಲ ಆಟದಲ್ಲೇ ಐದು ವಿಕೆಟ್ ಕಿತ್ತ. ಅಪ್ಪ ಮನೆಯೊಳಗೆ ಎದೆ ಸೆಟೆಸಿಕೊಂಡು ಓಡಾಡಿದರು. ಆದರೆ ನೂರೈವತ್ತು ಹೊಡೆಯುತ್ತಿದ್ದ ಟೀಮು ನೂರು ದಾಟಲು ಏದುಸಿರು ಬಿಡುತ್ತಿತ್ತು. ಅದು ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನಾನು ಸಂಜೆಯ ಹೊತ್ತು ಖಾಲಿ ಬಾಲ್ಕನಿಯಲ್ಲಿ ಕೂರುತ್ತಿದ್ದೆ. ಕಾಲುಚೀಲದ ಚೆಂಡು ಇನ್ನೂ ತಂತಿಯಲ್ಲೇ ಇತ್ತು. ಇಲೆವೆನ್, ಏಟ್, ಫೋರ್, ಥರ್ಟೀನ್ ಎಂದು ಓದಿದ ನನ್ನದೇ ದನಿ ಕಿವಿಯಲ್ಲಿ ಕೇಳಿ ಕೇಳಿ, ನಾಲಿಗೆ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು. ಒಂದು ದಿನ ಪುಸ್ತಕ ತೆಗೆದೆ, ಎಲ್ಲಾದರೂ ತಪ್ಪು ಬರೆದಿರುವೆನೋ ಎಂದು, ತಪ್ಪು ಸಿಗಲಪ್ಪಾ ದೇವರೇ ಎಂದು. ತಪ್ಪಿರಲಿಲ್ಲ. ಆದರೆ ಕೆಳಗೆ, ವಿಕೆಟ್ ಬಿದ್ದಾಗಿನ ಮೊತ್ತ ಬರೆಯುವ ಸಾಲಿನ ಮೇಲೆ ಕಣ್ಣು ನಿಂತಿತು. ಮೊದಲ ಆಟದಲ್ಲಿ ಮಾವ ಬರುವಾಗ ನಲವತ್ತೊಂದು, ಹೋಗುವಾಗ ತೊಂಬತ್ತೆಂಟು. ಅವನದು ಹನ್ನೊಂದೇ, ಆದರೆ ಅವನು ನಿಂತಿದ್ದಷ್ಟು ಹೊತ್ತಿನಲ್ಲಿ ಟೀಮಿಗೆ ಐವತ್ತೇಳು! ಎರಡನೆಯದರಲ್ಲಿ ಅವನದು ಎಂಟು, ಟೀಮಿಗೆ ನಲವತ್ತೊಂದು. ನಾಲ್ಕನೆಯದರಲ್ಲಿ ಅವನದು ಹದಿಮೂರು, ಟೀಮಿಗೆ ಐವತ್ತೊಂದು. ಯಾವ ಬೌಲರಿನ ಚೆಂಡನ್ನು ಯಾರು ಎದುರಿಸಿದರು ಎಂದು ಚುಕ್ಕಿ ಚುಕ್ಕಿ ಎಣಿಸಿದೆ. ಎದುರಾಳಿಯ ಅತಿ ಕಷ್ಟದ ಬೌಲರಿನ ಮುಂದೆಲ್ಲ ಮಾವನೇ ನಿಂತು ಚುಕ್ಕಿ ತೆಗೆದುಕೊಂಡಿದ್ದ, ಸುಲಭದ ಚೆಂಡುಗಳನ್ನು ಜೊತೆಯವರಿಗೆ ಬಿಟ್ಟಿದ್ದ. ಎಲ್ಲ ಪುಸ್ತಕದಲ್ಲೇ ಇತ್ತು, ನನ್ನ ಅಕ್ಷರದಲ್ಲೇ ಇತ್ತು! ಅಪ್ಪ ಕೇಳಿದ್ದೊಂದು ಸಾಲು, ನಾನು ಓದಿದ್ದೂ ಒಂದು ಸಾಲು. ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಸ್ಕೋರರ್ ಎಂದು ಬೀಗುತ್ತಿದ್ದ ನನಗೆ ಪುಸ್ತಕ ಓದಲೇ ಬರುವುದಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಎರಡು ವಾರ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದೆ.

ಫೈನಲ್ಲಿಗೆ ಮುಂಚಿನ ಕೊನೆಯ ಆಟ ನಮಗೂ ಮಂಗಳೂರಿನವರಿಗೂ ಬಿತ್ತು. ಗೆದ್ದವರು ಫೈನಲ್ಲಿಗೆ, ಸೋತವರು ಮನೆಗೆ. ಮುಥೈಗಾ ದಾಟಿ ಹೋದರೆ ಸಿಗುವ ಒಂದು ಶಾಲೆಯ ಮೈದಾನ. ಈ ಕಡೆ ನಮ್ಮ ಶಾಮಿಯಾನ, ಪುಳಿಯೋಗರೆ ಡಬ್ಬಿಗಳು. ಆ ಕಡೆ ಅವರದು, ಕೋರಿ ರೊಟ್ಟಿಯ ಘಮಘಮ. ನಡುವಿನ ಮೇಜಿನಲ್ಲಿ ನಾನು, ನಾಲ್ಕು ಬಣ್ಣದ ಪೆನ್ನು ಹಿಡಿದು. ಮಾವ ಆ ಕಡೆಯಿಂದ ಕೈ ಬೀಸಿದ. ನಾನು ತಲೆ ತಗ್ಗಿಸಿ ಪುಟಕ್ಕೆ ಗೆರೆ ಹಾಕುವ ನಾಟಕ ಮಾಡಿದೆ. ನಮ್ಮವರು ಮೊದಲು ಆಡಿ ನೂರಹನ್ನೆರಡಕ್ಕೆ ಮುಗ್ಗರಿಸಿದರು. ಸಾಕು, ಲ್ಯಾನ್ಸಿ ಇದ್ದಾನೆ ಎಂದರು ಅಪ್ಪ. ಸರಿಯೇ, ಅವರದು ಅರವತ್ತೊಂದಕ್ಕೆ ಐದು ಬಿತ್ತು. ಆಗ ಬಂದ ಶೀನಿ ಮಾವ.

ಅಲ್ಲಿಂದ ಮುಂದೆ ನಾನು ಕೂತು ಸ್ಕೋರ್ ಬರೆದೆನೋ ನಿಂತು ಬರೆದೆನೋ ನೆನಪಿಲ್ಲ. ಲ್ಯಾನ್ಸಿ ಬೌಲ್ ಮಾಡುವಾಗಲೆಲ್ಲ ಎದುರು ಮಾವ. ಚುಕ್ಕಿ, ಚುಕ್ಕಿ, ಚುಕ್ಕಿ. ಒಂದು ಚೆಂಡು ಎದೆಗೆ, ಒಂದು ಮೊಣಕೈಗೆ. ಬೇರೆಯವರು ಬೌಲ್ ಮಾಡಲು ಬಂದರೆ ಸಾಕು, ಮಾವ ಬೌಲರಿನ ತುದಿಯಲ್ಲಿ ನಿಂತುಬಿಡುತ್ತಿದ್ದ. ಅವನ ಜೊತೆಗಿದ್ದ ಕೆವಿನ್ ಎಂಬ ಕಾಲೇಜು ಹುಡುಗ ಬೀಸಿ ಬೀಸಿ ಬಾರಿಸುತ್ತಿದ್ದ. ನಮ್ಮ ಶಾಮಿಯಾನದಲ್ಲಿ ಗಲಾಟೆ ಶುರುವಾಯಿತು. ಲ್ಯಾನ್ಸಿಗೆ ಈಗ ಬೌಲಿಂಗ್ ಯಾಕೆ ಕೊಟ್ಟರು, ಕೊನೆಗೆ ಉಳಿಸಿಕೊಳ್ಳಬೇಕಿತ್ತು, ಅಲ್ಲ ಈಗಲೇ ಸರಿ. ಅಮ್ಮ ಎರಡೂ ಕೈಯಲ್ಲಿ ಡಬ್ಬಿಯ ಮುಚ್ಚಳ ಹಿಡಿದು ನಿಂತಿದ್ದಳು. ಯಾರ ಪರ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಯ ಓವರಿಗೆ ನಾಲ್ಕು ರನ್ ಬೇಕಿತ್ತು. ಬೌಲರ್ ಲ್ಯಾನ್ಸಿ. ಮಾವ ಎರಡು ಚೆಂಡು ತಡೆದ, ಮೂರನೆಯದಕ್ಕೆ ಒಂದು ಓಡಿದ. ಕೆವಿನ್ ಎರಡು ಓಡಿದ. ಮೊತ್ತ ಸಮ. ಐದನೇ ಚೆಂಡು ಹಾಗೇ ಹೋಯಿತು. ಕೊನೆಯ ಚೆಂಡಿಗೆ ಕೆವಿನ್ ಕಣ್ಣು ಮುಚ್ಚಿ ಬೀಸಿದ, ಬ್ಯಾಟಿಗೆ ತಾಗಲಿಲ್ಲ, ಚೆಂಡು ನೇರ ಹಿಂದೆ ನಿಂತಿದ್ದ ಅಪ್ಪನ ಕೈಗೆ. ಮುಗಿಯಿತು ಎಂದು ನಮ್ಮವರು ಕೈಯೆತ್ತಿದರು. ಆದರೆ ಆ ತುದಿಯಿಂದ ಮಾವ ಆಗಲೇ ಓಡಿ ಬರುತ್ತಿದ್ದ! ಟೋಪಿ ಹಾರಿಹೋಗಿತ್ತು. ಅಪ್ಪ ನೋಡಿದರು, ಸ್ಟಂಪಿಗೆ ಎಸೆದರು. ಇಷ್ಟು ಹತ್ತಿರದಿಂದ, ಇಷ್ಟು ಸುಲಭದ್ದು. ತಪ್ಪಿತು. ಮಾವ ಮಣ್ಣಿನಲ್ಲಿ ಹೊಟ್ಟೆಯ ಮೇಲೆ ಜಾರಿ ಅಪ್ಪನ ಕಾಲ ಬಳಿ ಬಂದು ನಿಂತ.

ಬ್ಯಾಟಿಗೆ ತಾಗದೆ ಓಡಿದ ರನ್ನು ಯಾರ ಹೆಸರಿಗೂ ಹೋಗುವುದಿಲ್ಲ. ಪುಸ್ತಕದ ತಳದಲ್ಲಿ ಇತರೆ ಎಂಬ ಸಾಲಿದೆ, ಅಲ್ಲಿಗೆ ಹೋಗುತ್ತದೆ. ಅಲ್ಲೇ ಒಂದು ಎಂದು ಬರೆದೆ. ಎಸೆಯೋ ಬದಲು ಓಡಬಾರದಿತ್ತಾ ಎಂದು ಪದ್ಮಾ ಆಂಟಿ ಕೂಗುತ್ತಿದ್ದರು. ಅಪ್ಪ ಗ್ಲೌಸು ಬಿಚ್ಚುತ್ತಾ ನನ್ನ ಮೇಜಿನ ಹತ್ತಿರ ಬಂದರು. ಮುಖ ಬೆವರು, ಮಣ್ಣು.

"ಶೀನಿದು ಎಷ್ಟು?"

"ಸೆವೆನ್."

ಏಳಕ್ಕೆ ಸೋತೆವೇ ಎಂದು ಅಪ್ಪನಿಗೆ ನಂಬಲಾಗುತ್ತಿರಲಿಲ್ಲ. ನಾನು ಮನೆಯಲ್ಲಿ ಯಾವ ಮಾತಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಆವತ್ತು ಬಾಯಿಂದ ಕನ್ನಡವೇ ಬಂತು, ಅಳುವಿನ ಜೊತೆಗೆ.

"ಅಪ್ಪ, ಆವತ್ತು ನಾನು ಸರಿಯಾಗಿ ಓದ್ಲಿಲ್ಲ. ಮಾವ ಬಂದಾಗ ಅರವತ್ತೊಂದು, ಈಗ ನೂರಹದಿಮೂರು. ನೋಡಿ, ಮುಂಚೇನೂ ಹಂಗೇ. ಇಲ್ನೋಡಿ, ಇಲ್ನೋಡಿ."

ಪುಟ ಪುಟ ತಿರುಗಿಸಿ ತೋರಿಸಿದೆ. ಅಪ್ಪ ಬಗ್ಗಿ, ಬೆರಳಿಟ್ಟು, ನಾಲ್ಕು ಆಟವನ್ನೂ ಓದಿದರು. ಮೂಗಿನ ತುದಿಯಿಂದ ಬೆವರು ಪುಸ್ತಕದ ಮೇಲೆ ಬಿತ್ತು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ನೀನು ಸರಿಯಾಗೇ ಬರ್ದಿದೀಯ ಪುಟ್ಟಿ. ಓದಕ್ಕೆ ಬರದೇ ಇದ್ದೋನು ನಾನು."

ನೇರ ಅಮ್ಮನ ಹತ್ತಿರ ಹೋಗಿ, ಮೂರು ವಾರಗಳ ನಂತರ ಮೊದಲ ಸಲ ಅವಳನ್ನೇ ಮಾತಾಡಿಸಿ, ಕುಂಕುಮದ ಭರಣಿ ಕೇಳಿದರು. ಅಮ್ಮ ಯಾಕೆ ಎಂದೂ ಕೇಳದೆ ಬ್ಯಾಗಿನಿಂದ ತೆಗೆದುಕೊಟ್ಟಳು. ಕೀಪರ್ ಪ್ಯಾಡು ಕಟ್ಟಿಕೊಂಡೇ, ಭರಣಿ ಹಿಡಿದು ಅಪ್ಪ ಮೈದಾನ ದಾಟಿ ಮಂಗಳೂರಿನವರ ಶಾಮಿಯಾನಕ್ಕೆ ನಡೆದರು. ಹಿಂದೆ ನಾವೆಲ್ಲ. ಮಾವ ಮೊಣಕೈಗೆ ಐಸ್ ಒತ್ತಿಕೊಂಡು ಕುರ್ಚಿಯಲ್ಲಿದ್ದ. ಅಪ್ಪ ಅವನ ಹಣೆಗೆ ಕುಂಕುಮವಿಟ್ಟರು.

"ಕೊಟ್ಟ ಮನೇಲಿ ಚೆನ್ನಾಗಿ ಬಾಳ್ತಾ ಇದೀಯಪ್ಪ. ತವರಿಗೆ ಕರಿಯೋಕೆ ಬಂದಿದೀನಿ."

"ಟೀಮಿಗಾ ಭಾವ, ಮನೆಗಾ?"

"ಟೀಮಿಗೆ ವಿಕ್ಟರ್ ಬಿಡಲ್ಲ. ಮನೆಗೆ."

"ಬಿಡುದಿಲ್ಲ, ಬಿಡುದಿಲ್ಲ!" ಎಂದರು ವಿಕ್ಟರ್ ಅಂಕಲ್, ಕೋರಿ ರೊಟ್ಟಿಯ ಬಾಯಲ್ಲೇ. "ಮನೆಗೆ ಕರ್ಕೊಂಡು ಹೋಗಿ. ಭಾನುವಾರ ವಾಪಸ್ ಬೇಕು ನಮಗೆ."

ಮಾವ ನಗಲು ಹೋಗಿ ಮುಖ ಆ ಕಡೆ ತಿರುಗಿಸಿಕೊಂಡ. ಅದೇ ಸಂಜೆ, ಬೆಳಕಿರುವಾಗಲೇ, ಕಿಟ್ ಬ್ಯಾಗು ಮತ್ತೆ ನಮ್ಮ ಬಾಲ್ಕನಿಯಲ್ಲಿತ್ತು. ಮಾವ ಪ್ಯಾಡು ಹೊರತೆಗೆದು, ಅದರ ಕೆಳಗಿನಿಂದ ಗಂಟು ಕಟ್ಟಿದ ಟವೆಲನ್ನು ಎತ್ತಿ ಅಮ್ಮನ ಕೈಗೆ ಕೊಟ್ಟ. ಗಂಟು ಹಾಗೇ ಇತ್ತು.

"ಅಕ್ಕಿ ಬಿಚ್ಚೇ ಇಲ್ಲ ಅಕ್ಕ. ಅಲ್ಲಿ ಬೇಯಿಸಕ್ಕೆ ಮನಸ್ಸು ಬರ್ಲಿಲ್ಲ."

"ಅಯ್ಯೋ ಮಂಕೆ, ತಮಾಷೆಗೆ ಕೊಟ್ಟಿದ್ದು ಕಣೋ ಅದು," ಎಂದಳು ಅಮ್ಮ. ಎಂದವಳು ಟವೆಲನ್ನು ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಆ ಅಕ್ಕಿ, ಆ ಬೆಲ್ಲ, ಆ ಕೊಬ್ಬರಿಯಲ್ಲೇ ಅಮ್ಮ ಪಾಯಸ ಮಾಡಿದಳು. ರಟ್ಟಿನ ಜನರನ್ನು ಮೇಜಿನಿಂದ ಸರಿಸಿ ಐದು ಬಟ್ಟಲು ಇಟ್ಟಳು, ಒಂದು ಪದ್ಮಾ ಆಂಟಿಗೆ. ಅವರು ಆಗಲೇ ಮೆಟ್ಟಿಲು ಹತ್ತುತ್ತಾ, ಫೈನಲ್ಲಿಗೆ ಮಂಗಳೂರಿನವರು ಯಾರನ್ನು ಆಡಿಸಬೇಕೆಂದು ಕೂಗಿ ಹೇಳುತ್ತಿದ್ದರು. ಪಾಯಸದಲ್ಲಿ ಪ್ಯಾಡಿನ ವಾಸನೆ ಇತ್ತು, ಬೆವರಿನದೂ ಮಣ್ಣಿನದೂ. ಎಲ್ಲರಿಗೂ ಗೊತ್ತಾಯಿತು, ಯಾರೂ ಹೇಳಲಿಲ್ಲ. ಅಪ್ಪ ಎರಡು ಸಲ ಹಾಕಿಸಿಕೊಂಡರು.